ಗೌರಕ್ಕನ ಒಂದೇ ಪಾತ್ರೆ

ಗೌರಕ್ಕ ಅನ್ನ ಬೇಯಿಸಿದ ಪಾತ್ರೆಗೇ ಕೈಹಾಕಿ ಊಟ ಮಾಡುತ್ತಿದ್ದರು. ತಟ್ಟೆಯಿಲ್ಲ, ಸೌಟಿಲ್ಲ, ಬಡಿಸುವ ಮಾತೇ ಇಲ್ಲ. ಅಕ್ಕಿ, ಬೇಳೆ, ಆ ದಿನ ಸಿಕ್ಕಿದ ಸೊಪ್ಪು, ಹುಣಸೆಹಣ್ಣು, ಖಾರದಪುಡಿ ಎಲ್ಲವನ್ನೂ ಒಟ್ಟಿಗೆ ಸುರಿದು ಸ್ಟವ್ ಮೇಲಿಟ್ಟರೆ ಅಡುಗೆ ಮುಗಿಯಿತು. ಬಿಸಿಬೇಳೆಬಾತ್ ಅಂದುಕೊಳ್ಳಬೇಡಿ, ಆ ಬಾತಿಗೆ ಅವಮಾನ. ಬಣ್ಣ ನೋಡಿದರೆ ಅಂಗಳ ಸಾರಿಸುವ ಬಗ್ಗಡ. ಅದು ಸಾಲದು ಅಂತ ಮಜ್ಜಿಗೆಯನ್ನೂ ಅದಕ್ಕೇ ಸುರಿದು, ಮೊಣಕೈ ತನಕ ಇಳಿಸಿಕೊಂಡು ಕಲಸುತ್ತಿದ್ದರು. ಥೂ! ನಾನು ಗೋಡೆ ಕಡೆ ತಿರುಗಿ ಕೂರುತ್ತಿದ್ದೆ.

"ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಕಲಸ್ಕೊಳ್ಳದೇ ಅಲ್ವೇನೇ? ನಾನು ಮೊದ್ಲೇ ಕಲಸ್ತೀನಿ, ಅಷ್ಟೆ" ಅನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆ ಅದು. ನಾನು ಕುಣಿಗಲ್ಲಿನವಳು, ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದ್ದೆ. ಗೌರಕ್ಕ ಗುಬ್ಬಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಕರೆ ಜೋಡಿಸುವ ಬೋರ್ಡಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಕರೆಸ್ಪಾಂಡೆನ್ಸಿನಲ್ಲಿ ಬಿ.ಎ. ಕಟ್ಟಿದ್ದೀನಿ, ಓದಕ್ಕೆ ಹೊತ್ತೇ ಸಿಕ್ಕಲ್ಲ ಎಂದು ಒಂದು ದಿನ ಅವರ ಹತ್ತಿರ ಗೋಳಾಡಿದೆ. ಡಿಗ್ರಿ ಇದ್ದರೆ ಮೇಲಿನ ಪರೀಕ್ಷೆ ಬರೆದು ಆ ಬೋರ್ಡಿನ ಮುಂದಿನಿಂದ ಏಳಬಹುದಿತ್ತು. ಇಲ್ಲದಿದ್ದರೆ ರಿಟೈರಾಗುವ ತನಕ ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡು ಕಂಡಕಂಡವರ 'ಹಲೋ ಹಲೋ' ಕೇಳುವುದೇ ಗತಿ.

"ಕ್ಯಾತ್ಸಂದ್ರದಲ್ಲಿ ನನ್ ರೂಮಿಗೆ ಬಂದ್ಬಿಡು. ದಿನಕ್ಕೆ ಎರಡು ಗಂಟೆ ನಾನು ಉಳಿಸ್ಕೊಡ್ತೀನಿ, ನೀನು ಓದು" ಅಂದರು. ಹೋದೆ. ಹೋದಮೇಲೆ ಗೊತ್ತಾಯಿತು ಆ ಎರಡು ಗಂಟೆ ಎಲ್ಲಿಂದ ಬರುತ್ತದೆ ಅಂತ.

ಆಗ ಊರಿಂದೂರಿಗೆ ಮಾಡುವ ಟ್ರಂಕ್ ಕಾಲ್ ಅಂದರೆ ಮೂರು ನಿಮಿಷದ ಲೆಕ್ಕ. ಮೂರು ನಿಮಿಷವಾಗುತ್ತಲೇ ನಾವು ನಡುವೆ ಬಾಯಿಹಾಕಿ 'ತ್ರೀ ಮಿನಿಟ್ಸ್ ಓವರ್' ಅನ್ನಬೇಕಿತ್ತು. ಗೌರಕ್ಕ ಅದನ್ನು ಬಚ್ಚಲಿಗೂ ತಂದಿದ್ದರು. ನಾನು ನಾಲ್ಕನೇ ಚೊಂಬು ಮೊಗೆಯುವಷ್ಟರಲ್ಲಿ ಬಾಗಿಲಾಚೆಯಿಂದ "ತ್ರೀ ಮಿನಿಟ್ಸ್ ಓವರ್!" ಕಂಕುಳಿಗೆ ಸೋಪು ಹಚ್ಚಿದರೆ ಕಾಲಿಗಿಲ್ಲ. ಇನ್ನೊಂದು ಪೀಡೆ ಅಂದರೆ, ಆರು ತಿಂಗಳು ಮುಟ್ಟದ ಸಾಮಾನು ಆ ರೂಮಿನಲ್ಲಿ ಇರುವ ಹಾಗಿಲ್ಲ. "ಅದನ್ನ ಒರೆಸ್ಬೇಕು, ಎತ್ತಿಡ್ಬೇಕು, ಹುಡುಕ್ಬೇಕು. ಯಾರ್ ಸಾಯ್ತಾರೆ?" ಎಂದು ಕಂಡವರಿಗೆ ಕೊಟ್ಟುಬಿಡುವರು. ಅವರ ತಾಯಿಯ ಬೆಳ್ಳಿ ಕುಂಕುಮದ ಭರಣಿಯನ್ನೇ ತಮ್ಮನ ಹೆಂಡತಿಗೆ ದಾಟಿಸಿದ್ದರು. ಬೇಸಿಗೆಯಲ್ಲಿ ನನ್ನ ಛತ್ರಿಯನ್ನು ಹೂವಿನವಳಿಗೆ ಕೊಟ್ಟರು. ಜೂನ್ ಬಂತು, ನಾನು ನೆಂದು ತೊಪ್ಪೆಯಾಗಿ ಬಂದು ಕೂಗಾಡಿದರೆ, "ಸ್ನಾನ ಆಯ್ತಲ್ಲ ಬಿಡು" ಅಂದರು. ಎಂಥಾ ಹೆಂಗಸು ಸ್ವಾಮಿ!

ಒಂದು ಭಾನುವಾರ ಕತ್ತರಿ ತಗೊಂಡು ಸೊಂಟದುದ್ದದ ಜಡೆಯನ್ನು ಕತ್ತಿನ ಹತ್ತಿರ ಕತ್ತರಿಸಿಕೊಂಡರು. ಎಣ್ಣೆ, ಸಿಕ್ಕು, ಬಾಚಣಿಗೆ ಅಂತ ದಿನಾ ಅರ್ಧ ಗಂಟೆ ದಂಡವಂತೆ. ಆ ಕೂದಲು ನೆಲದ ಮೇಲೆ ಸತ್ತ ಹಾವಿನ ಹಾಗೆ ಬಿದ್ದಿತ್ತು. ಹೆಂಗಸರು ತಲೆಗೂದಲು ತೆಗೆಸುವುದಕ್ಕೆ ವಠಾರದವರಿಗೆ ಗೊತ್ತಿದ್ದದ್ದು ಒಂದೇ ಕಾರಣ. ಓನರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಬಂದು, "ಅಯ್ಯೋ ತಾಯಿ, ಯಜಮಾನ್ರು ಯಾವಾಗ ಹೋದ್ರಮ್ಮ?" ಎಂದು ಅತ್ತೇಬಿಟ್ಟರು.

ಮದುವೆಯೇ ಆಗದ ಗೌರಕ್ಕ, "ಬಂದಿದ್ರೆ ತಾನೇ ಹೋಗಾಕೆ?" ಅಂದರು.

ಹೀಗೆ ಕೂದಲು, ಊಟ, ನೀರು ಎಲ್ಲದರಲ್ಲೂ ಹಿಂಡಿ ಉಳಿಸಿದ ಹೊತ್ತನ್ನು ತಾವೇನು ಮಾಡುತ್ತಿದ್ದರು ಗೊತ್ತೇ? ನನ್ನ ಎದುರಿಗೆ ಕೂರುತ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ನನ್ನ ಚರಿತ್ರೆ, ಅರ್ಥಶಾಸ್ತ್ರದ ಪುಸ್ತಕಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, "ಹೂಂ, ಹೇಳು ನೋಡಾಣ" ಅನ್ನುವರು. ನಾನು ತಡವರಿಸಿದರೆ ಮತ್ತೆ ಮೊದಲಿಂದ. ಆ ಬೆರಳಿನಲ್ಲಿ ಸದಾ ಹುಣಸೆಹುಳಿಯ ವಾಸನೆ. ಮುಖ ತಿರುಗಿಸಿಕೊಂಡೇ ಪಾಠ ಒಪ್ಪಿಸುತ್ತಿದ್ದೆ. ಆದರೆ ಪಾಸಾಗುತ್ತಾ ಬಂದೆ, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದ್ದೂ ಮುಗಿದು, ಕೊನೆಯ ವರ್ಷದಲ್ಲಿ ಎರಡೇ ಎರಡು ಪೇಪರು ಉಳಿದವು.

ಆ ಪರೀಕ್ಷೆಗೆ ಮೂರು ವಾರವಿತ್ತು. ಅಷ್ಟು ದಿನ ನಾನು ಮರ್ಯಾದೆಯಾಗಿ ತಟ್ಟೆಗೆ ಹಾಕಿಕೊಂಡೇ ತಿಂದವಳು. ಅವತ್ತು ತಟ್ಟೆ ತೊಳೆಯುವ ಹೊತ್ತೂ ಬೇಡವೆನಿಸಿ, ನಾನೂ ಪಾತ್ರೆಯ ಮುಂದೆ ಕೂತೆ. ಗೌರಕ್ಕ ಅನ್ನದ ನಡುವೆ ಬೆರಳಿನಿಂದ ಒಂದು ಗೀಟು ಎಳೆದರು. "ಈ ಕಡೆ ನಂದು, ಆ ಕಡೆ ನಿಂದು" ಅಂದರು. ಎರಡು ತುತ್ತು ತಿಂದಿದ್ದೆ. ಬಾಗಿಲಲ್ಲಿ ನಮ್ಮಮ್ಮ! ಕುಣಿಗಲ್ಲಿನಿಂದ ನಿಪ್ಪಟ್ಟಿನ ಡಬ್ಬಿ ಹಿಡಿದುಕೊಂಡು ಹೇಳದೆ ಕೇಳದೆ ಬಂದು ನಿಂತಿದ್ದರು.

"ಏನೇ ವಿಮಲಾ ಇದು? ಎಂಜಲು ತಿಂತಿದೀಯಾ? ನಾಯಿ ಥರಾ?"

ಗೀಟು ತೋರಿಸಬಹುದಿತ್ತು. ಪರೀಕ್ಷೆ ಅನ್ನಬಹುದಿತ್ತು. ನಾನು ಅಂದದ್ದು, "ನಾನಲ್ಲಮ್ಮ, ಇವ್ರೇ ಹಿಂಗೆ ಮಾಡ್ತಾರೆ. ದಿನಾ ನಂಗೆ ವಾಂತಿ ಬರತ್ತೆ."

ಗೌರಕ್ಕ ತಮ್ಮ ಕಡೆಯದನ್ನು ಪೂರ್ತಿ ತಿಂದರು. ಎದ್ದು ಕೈತೊಳೆದು ಬಂದು, "ಕರ್ಕೊಂಡ್ಹೋಗಿ ಅಮ್ಮಾವ್ರೇ. ಓದಾಕ್ ಮಾತ್ರ ಬಿಡಿ" ಅಂದರು. ನನ್ನ ಕಡೆ ನೋಡಲಿಲ್ಲ.

ತುಮಕೂರಿನಲ್ಲೇ ಇದ್ದ ದೊಡ್ಡಮ್ಮನ ಮನೆ ಸೇರಿದೆ. ಅಲ್ಲಿ ಹುಳಿ, ಸಾರು, ಎರಡು ಪಲ್ಯ, ಕೋಸಂಬರಿ, ಎಲ್ಲದಕ್ಕೂ ಬೇರೆ ಬೇರೆ ಸೌಟು. ಡ್ಯೂಟಿ ಮುಗಿಸಿ ಬಂದರೆ ನನ್ನ ಪಾಲಿಗೆ ರುಬ್ಬುವ ಕಲ್ಲು ಕಾಯುತ್ತಿತ್ತು. ಊಟ ಅಮೃತ. ಪುಸ್ತಕ ಬಿಚ್ಚಲಿಲ್ಲ. ಪರೀಕ್ಷೆಗೆ ಕೂರಲಿಲ್ಲ. ಮುಂದಿನ ವರ್ಷ ಕುಣಿಗಲ್ಲಿನ ಕಡೆಯೇ ಗಂಡು ಗೊತ್ತಾಗಿ ವರ್ಗ ಮಾಡಿಸಿಕೊಂಡೆ. ಹೊರಡುವ ದಿನ ಆ ಎರಡು ಪೇಪರಿನ ಪುಸ್ತಕಗಳನ್ನು ಗೌರಕ್ಕನ ಮುಂದಿಟ್ಟು, "ನಂಗಿನ್ನು ಬೇಡ, ಯಾರಿಗಾದ್ರೂ ಕೊಟ್ಬಿಡಿ" ಅಂದೆ. ಕೊಡುವುದರಲ್ಲಿ ಅವರಷ್ಟು ಚುರುಕು ಯಾರಿದ್ದಾರೆ? ಹೂಂ ಅಂದು ಬ್ಯಾಗಿಗೆ ಹಾಕಿಕೊಂಡರು.

ಎಂಟು ವರ್ಷದ ಮೇಲೆ ಗುಬ್ಬಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಗೌರಕ್ಕ ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆ, ಮೈಯಲ್ಲಿ ಹುಷಾರಿಲ್ಲ ಎಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಒಂದೇ ಕೋಣೆ. ಚಾಪೆ, ಸ್ಟವ್ವು, ಅದೇ ಪಾತ್ರೆ, ಹಗ್ಗದ ಮೇಲೆ ಒಂದು ಸೀರೆ. ಬಡಕಲಾಗಿದ್ದರು, ಕ್ರಾಪು ಪೂರ್ತಿ ಬೆಳ್ಳಗಾಗಿತ್ತು. ಕ್ಷಮಿಸಿ ಅನ್ನಲು ಬಾಯಿ ತೆರೆದವಳು ಗಂಡ, ಅತ್ತೆ, ಮಕ್ಕಳು, ಹಬ್ಬ, ನೆಂಟರು, ಒಂದು ನಿಮಿಷ ಪುರುಸೊತ್ತಿಲ್ಲ ಎಂದೇನೇನೋ ಒದರಿದೆ.

"ತ್ರೀ ಮಿನಿಟ್ಸ್ ಓವರ್" ಅಂದರು ಗೌರಕ್ಕ. "ಆ ಎರಡು ಪೇಪರ್ ಏನಾಯ್ತು, ಅದನ್ನ ಹೇಳು."

ಗೌರಕ್ಕ ಗೋಡೆಯ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ನನ್ನ ಪುಸ್ತಕಗಳಿದ್ದವು. ಸುತ್ತ ಕಾಗದದ ಹೊದಿಕೆ ಹೊಸದಾಗಿ ಹಾಕಿತ್ತು, ಮೇಲೆ ಒಂದು ಚೂರು ಧೂಳಿರಲಿಲ್ಲ. ತಾಯಿಯ ಕುಂಕುಮದ ಭರಣಿಯನ್ನೇ ಇಟ್ಟುಕೊಳ್ಳದ ಹೆಂಗಸು ಎಂಟು ವರ್ಷ ಅವನ್ನು ಒರೆಸಿ ಒರೆಸಿ ಇಟ್ಟಿದ್ದರು.

"ತಗೊಂಡೋಗು. ಸುಮ್ನೆ ಜಾಗ ತಿನ್ತವೆ" ಅಂದರು.

ಆಮೇಲೆ ಪಾತ್ರೆ ಎಳೆದು ನಡುವೆ ಗೀಟು ಹಾಕಿದರು. ಈ ಸಲ ಗೀಟು ಸೊಟ್ಟ. ತಿಂದೆ. ಆಗಲೂ ಅಸಹ್ಯವಾಗಿಯೇ ಇತ್ತು. ಪೂರ್ತಿ ತಿಂದೆ.

ಆ ವರ್ಷ ಕಳೆಯುವುದರೊಳಗೆ ಗೌರಕ್ಕ ಹೋಗಿಬಿಟ್ಟರು. ನನಗೆ ಸುದ್ದಿ ಬಂದದ್ದು ತಿಥಿಯೂ ಮುಗಿದ ಮೇಲೆ. ನಾನು ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡೇ ರಿಟೈರಾದೆ, ಎಡಗಿವಿ ಈಗ ಸರಿಯಾಗಿ ಕೇಳಿಸುವುದಿಲ್ಲ. ಪುಸ್ತಕಗಳು ಬೀರುವಿನಲ್ಲಿವೆ. ಮೊನ್ನೆ ನಮ್ಮ ಯಜಮಾನರು ರದ್ದಿಯವನಿಗೆ ಹಾಕಲು ಕೈಗೆತ್ತಿಕೊಂಡಾಗ, ಮುಟ್ಟಿದರೆ ನೋಡಿ ಎಂದು ಕಿರುಚಿ ಕಿತ್ತುಕೊಂಡೆ. ಮೇಲೆ ಬೆರಳು ದಪ್ಪ ಧೂಳು. ಒರೆಸುವುದಕ್ಕೂ ನನಗೆ ಹೊತ್ತು ಸಿಕ್ಕಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.