ಕೆರೆಯ ಅಂಗಳ

ಕಲಬುರಗಿಯ ಕುಸನೂರಿನಲ್ಲಿ ಪ್ಲಾಟ್ ಕೊಂಡಾಗ ಕಾಗದದಲ್ಲಿ ‘ಕೆರೆಯ ಅಂಗಳದ ಪಕ್ಕ’ ಎಂದಿತ್ತು. ಕೆರೆ ತುಂಬಿದಾಗ ನೀರು ನಿಲ್ಲುವ ಜಾಗವದು. ಅದರ ಪಕ್ಕ ಮನೆ ಕಟ್ಟಬಾರದೆಂಬ ನಿಯಮವೂ ಗೊತ್ತಿತ್ತು. ಎಲ್ಲರೂ ಕಟ್ಟಿದ್ದರು, ನಾನೂ ಕಟ್ಟಿದೆ.

ಮೊದಲ ಮಳೆಗಾಲದಲ್ಲೇ ನೀರು ಹೊಸ್ತಿಲು ದಾಟಿತು. ನಾನು ಬಕೆಟ್ಟಿನಿಂದ ಎತ್ತಿ ಚೆಲ್ಲುತ್ತಿದ್ದರೆ, ಕಮಲಾಪುರದಿಂದ ಬಂದಿದ್ದ ಅವ್ವ ಬಾಗಿಲ ಪಕ್ಕದ ಗೋಡೆಯಲ್ಲಿ ನೀರು ಮುಟ್ಟಿದ ಕಡೆ ಕುಂಕುಮದ ಬೊಟ್ಟಿಟ್ಟು ಕೈಮುಗಿದಳು.

“ಮನಿ ಮುಳಗ್ಲಾಕತ್ತದ, ನೀ ಪೂಜಿ ಮಾಡ್ಲಾಕತ್ತೀಯಲ್ಲ!” ಎಂದು ರೇಗಿದೆ.

“ಗಂಗವ್ವ ತನ್ನ ಅಂಗಳಕ್ಕ ಬಂದಾಳ. ನೀನೇ ಅಕೀಗಿ ಹೊರಗ ಹಾಕ್ಲಾಕತ್ತಿ,” ಎಂದಳು.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಕೆರೆ ಅಳೆಯಲು ಬಂದವರು ಒತ್ತುವರಿಯೆಂದು ಅದೇ ಗೋಡೆಗೆ ಕೆಂಪು ಬಣ್ಣ ಬಳಿದುಹೋದರು. ಅವರಿಗಿಂತ ಮೊದಲೇ ಅಲ್ಲಿ ಗುರುತು ಹಾಕಿದ್ದ ಅವ್ವನ ಬೊಟ್ಟು ಅದರಡಿ ಮುಚ್ಚಿಹೋಯಿತು.