ನಲವತ್ತು ಹಂತಿ ಪದಗಳಿದ್ದ ಡಿಸ್ಕ್

ಕೊಪ್ಪಳ ಜಿಲ್ಲೆಯಾದ ೧೯೯೭ರಲ್ಲೇ ನಾನು ಅಲ್ಲಿ ಕಂಪ್ಯೂಟರ್ ದುರಸ್ತಿ ಅಂಗಡಿ ತೆರೆದೆ. ಹೆಣ್ಣುಮಗಳಿಗೆ ಸ್ಕ್ರೂಡ್ರೈವರ್ ಯಾಕೆ ಎಂದವರೇ ಆಮೇಲೆ ಗಿರಾಕಿಗಳಾದರು. ಎಲ್ಲರ ಮುಂದೆಯೂ ನನ್ನದು ಒಂದೇ ಪುರಾಣ: ಬ್ಯಾಕಪ್ ಇಡಿ. ಯಾರೂ ಇಡುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನ ಹೊಟ್ಟೆ ತುಂಬುತ್ತಿದ್ದದ್ದೇ ಅದರಿಂದ.

೨೦೦೮ರ ಬೇಸಿಗೆಯಲ್ಲಿ ಅಳವಂಡಿಯ ಡಿಟಿಪಿ ಅಂಗಡಿಯ ಶಾಂತವ್ವ ತನ್ನ ಸಿಪಿಯು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಜೊತೆಗೆ ತಂದೆ ಹನುಮಪ್ಪ. ಕಣದಲ್ಲಿ ಎತ್ತು ತಿರುಗಿಸಿ ಜೋಳದ ರಾಶಿ ಮಾಡುವಾಗ ಗಂಡಸರು ಹಾಡುವ ಹಂತಿ ಪದಗಳಿಗೆ ಆತ ಸುತ್ತಲಿಗೆಲ್ಲ ಹೆಸರುವಾಸಿ. ಯಂತ್ರ ಬಂದು ಹಾಡು ನಿಂತಾಗ ಮಗಳು ಅಪ್ಪನಿಂದ ನಲವತ್ತು ಪದ ಹಾಡಿಸಿ ರೆಕಾರ್ಡ್ ಮಾಡಿದ್ದಳು. ಮರುವರ್ಷ ಗಂಟಲಿನ ಆಪರೇಷನ್ ಆಗಿ ಆತನ ಧ್ವನಿಯೇ ಹೋಯಿತು. ಆ ಧ್ವನಿ ಉಳಿದಿದ್ದದ್ದು ಈ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಅದು ಈಗ ಟಕ್ ಟಕ್ ಎನ್ನುತ್ತಿತ್ತು.

"ಬ್ಯಾರೆ ಕಡೆ ಕಾಪಿ ಐತೇನು?"

"ಇಲ್ರೀ ಅಕ್ಕಾರ. ಒಂದ್ಸಲ ಚಾಲೂ ಮಾಡ್ರಿ, ಅಪ್ಪನ ಹಾಡು ಬರ್ತೈತೋ ಇಲ್ಲೋ ನೋಡೂಣು."

"ಹಂಗ ನೋಡಾಕ ಹೋದ್ರ ಇರೋದೂ ಹೋಗ್ತೈತಿ. ಸುಮ್ನ ಕುಂದ್ರವಾ," ಎಂದು ಗದರಿದೆ. ಒಳಗೊಳಗೆ ನನಗೂ ಭಯವಿತ್ತು.

ಸಾಯುತ್ತಿರುವ ಡಿಸ್ಕಿನಲ್ಲಿ ಫೈಲು ಹುಡುಕಬಾರದು. ಮೊದಲು ಇಡೀ ಡಿಸ್ಕನ್ನು ಇದ್ದ ಹಾಗೆಯೇ ಎಕ್ಸ್‌ಟರ್ನಲ್ ಡ್ರೈವಿಗೆ ನಕಲು ಮಾಡಬೇಕು. ಅದೇ ಡಿಸ್ಕ್ ಇಮೇಜ್. ಹುಡುಕಾಟವೆಲ್ಲ ಆ ನಕಲಿನಲ್ಲಿ. ಓದಲಾಗದ ಜಾಗ ಬಂದರೆ ಹಟ ಹಿಡಿಯದೆ ದಾಟಿ, ಉಳಿದದ್ದು ಕೈಸೇರಿದ ಮೇಲೆ ಮರಳಬೇಕು. ನಡುವೆ ಡಿಸ್ಕ್ ನಿಂತರೆ ಮತ್ತೆ ತಿರುಗುವ ಭರವಸೆಯಿಲ್ಲ.

ನಕಲು ಅರ್ಧ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ವರ್ಟರ್ ಬ್ಯಾಟರಿ ಇಳಿದು ಕೂಗತೊಡಗಿತು. ಶಾಂತವ್ವ ಅತ್ತೇಬಿಟ್ಟಳು. ಹನುಮಪ್ಪ ಎದ್ದು ಹೊರಗೆ ಓಡಿದ. ಕೈಸನ್ನೆಯಲ್ಲೇ ಏನು ತಿಳಿಸಿದನೋ, ಎದುರಿನ ಬೀಜದಂಗಡಿ ಮುಂದೆ ನಿಂತಿದ್ದ ಟ್ರ್ಯಾಕ್ಟರಿನವನು ತನ್ನ ಬ್ಯಾಟರಿ ಬಿಚ್ಚಿ ಹೊತ್ತು ತಂದ. ಅದನ್ನು ನಮ್ಮ ಬ್ಯಾಟರಿಯ ಜೊತೆಗೆ ಜೋಡಿಸಿದೆ. ಕೂಗು ನಿಂತಿತು, ಡಿಸ್ಕ್ ನಿಲ್ಲಲಿಲ್ಲ.

ಸಂಜೆಗೆ ಇಮೇಜ್ ಮುಗಿಯಿತು. ಮೂವತ್ತೊಂಬತ್ತು ಪದ ಪೂರ್ತಿ ಸಿಕ್ಕವು. ಒಂದರಲ್ಲಿ ಮಾತ್ರ ನಡುವಿನ ಎರಡು ಸಾಲು ಮಾಯ. ಅದನ್ನು ಕೇಳಿಸಿದಾಗ ಹನುಮಪ್ಪ ಮೇಜಿನ ಮೇಲೆ ತಾಳ ಹಾಕತೊಡಗಿದ. ಖಾಲಿ ಜಾಗ ಬಂತು; ನಾನು ಹಾಡು ನಿಲ್ಲಿಸಿದೆ, ಆತ ತಾಳ ನಿಲ್ಲಿಸಲಿಲ್ಲ. ಎಂದೂ ಹಾಡದ ಶಾಂತವ್ವ ತಡವರಿಸುತ್ತ ಆ ಸಾಲು ಹೇಳಿದಳು. ಹಾಗಲ್ಲವೆಂದು ಆತ ಅಡ್ಡಡ್ಡ ತಲೆಯಾಡಿಸಿದ. ಮತ್ತೆ ಹಾಡಿದಳು. ಈ ಸಲ ಅವಳ ಬೆನ್ನ ಮೇಲೆ ಕೈಯಿಟ್ಟ.

ಮೂರು ನಕಲು ಮಾಡಿದೆ: ಒಂದು ಅವಳಿಗೆ, ಒಂದು ಯಲಬುರ್ಗಾದ ಅವಳ ಅಕ್ಕನ ಮನೆಗೆ, ಒಂದು ನನ್ನ ಕಪಾಟಿಗೆ. ಅವಳಿಗೆ ಕೊಟ್ಟ ಚಿಕ್ಕ ಪೆನ್ ಡ್ರೈವ್ ಆ ನಲವತ್ತು ಪದಕ್ಕೇ ಭರ್ತಿಯಾಗಿತ್ತು, ನನಗೆ ಸಮಾಧಾನವಾಗಿತ್ತು.

ಮರುವರ್ಷ ಶಾಂತವ್ವ ನಗುತ್ತ ಬಂದಳು. "ಅಕ್ಕಾರ, ನಲವತ್ತೊಂದು ಆಗ್ಯಾವ್ರಿ. ಆ ಎರಡು ಸಾಲು ಹೋದ ಪದ ನಾನ ಪೂರ್ತಿ ಹಾಡೇನ್ರಿ. ಇದನ್ನೂ ಹಾಕಿ ಕೊಡ್ರಿ."

ಹಳೆಯದರಲ್ಲಿ ಇನ್ನೊಂದು ಪದಕ್ಕೂ ಜಾಗವಿರಲಿಲ್ಲ; ಅವಳಿಗಾಗಿ ದೊಡ್ಡ ಡ್ರೈವ್ ತರಿಸಬೇಕಾಯಿತು. ಅಂದಿನಿಂದ ಯಾರಿಗೆ ಬ್ಯಾಕಪ್ ಮಾಡಿಕೊಟ್ಟರೂ ಡ್ರೈವಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಡುತ್ತೇನೆ.