ಅರ್ಧ ಅಂಗಿ

ತಲೆಯ ಬಲಭಾಗದಿಂದ ಗೆಡ್ಡೆ ತೆಗೆದು ಅಪ್ಪನನ್ನು ಮನೆಗೆ ಕಳಿಸಿದ ಮೇಲೆ ಗೊತ್ತಾಯಿತು, ಅವನ ಪಾಲಿಗೆ ಎಡಗಡೆ ಎಂಬುದೇ ಇಲ್ಲವಾಗಿದೆ ಎಂದು. ಕಣ್ಣು ಚೆನ್ನಾಗಿತ್ತು, ಬಾಯಿ ಇನ್ನೂ ಚೆನ್ನಾಗಿತ್ತು. ಆದರೆ ಬಲಗೆನ್ನೆ ಬೋಳಿಸಿ ಮುಗಿಯಿತೆಂದು ಏಳುತ್ತಿದ್ದ. ತಟ್ಟೆಯ ಬಲ ಅರ್ಧ ಉಂಡು, "ಇಷ್ಟೇನಾ? ಕಾಯಿಲೆಯವನಿಗೆ ಅರೆಹೊಟ್ಟೇನಾ?" ಎಂದು ಅಮ್ಮನ ಮೇಲೆ ರೇಗುತ್ತಿದ್ದ. ಎಡಗೈಗೂ ಬಲ ಸಾಲದು. ಮೂವತ್ತು ವರ್ಷ ಅಂಗಿ ಹೊಲಿದ ದರ್ಜಿ ಅವನು.

ಮಗನಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಕಾಲಬುಡದಲ್ಲಿ ಕೂತು, ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಎಂದು ನಂಬಿಸುವುದರಲ್ಲಿ ನಿಪುಣ; ಮಿಕ್ಕ ಯಾವುದರಲ್ಲೂ ಅಲ್ಲ. ಆದರೂ ತಾನೇ ದೊಡ್ಡ ಡಾಕ್ಟರೆಂಬಂತೆ ನೀರಿನ ಲೋಟ, ಕನ್ನಡಕ, ರೇಡಿಯೋ ಎಲ್ಲವನ್ನೂ ಮಂಚದ ಬಲಕ್ಕೆ ಸಾಗಿಸಿದ. ತಾನೂ ಬಲಕ್ಕೇ ಕೂತು, ಇಂಥ ಮಗ ಯಾರಿಗುಂಟು ಎಂದು ಬೀಗಿದ.

ವ್ಯಾಯಾಮ ಮಾಡಿಸಲು ಬಂದ ಫಿಸಿಯೋ ಮೇಡಂ ಹಣೆ ಚಚ್ಚಿಕೊಂಡರು.

"ಏನ್ರೀ, ಸೇವೆ ಮಾಡ್ತಿದ್ದೀರಾ, ಇಲ್ಲಾ ನಿಮ್ಮಪ್ಪನ ಮೆದುಳಿಗೆ ರಜ ಕೊಟ್ಟಿದ್ದೀರಾ? ಎಲ್ಲಾ ಎಡಕ್ಕಿಡಿ. ತಿರುಗಿ ಹುಡುಕ್ಲಿ."

"ಮತ್ತೆ ಅಂಗಿ ಹೊಲೀತಾರಾ ಮೇಡಂ?"

"ಎಡಗಡೆ ತಾವಾಗೇ ನೋಡೋ ಹಾಗಾದ್ರೆ ಹೊಲೀತಾರೆ. ಅಲ್ಲೀವರೆಗೆ ಒಬ್ಬರನ್ನೇ ಮೆಷಿನ್ ಹತ್ರ ಬಿಡಬೇಡಿ."

ಹೊಲೀತಾರೆ ಎಂಬ ಒಂದು ಮಾತು ಸಾಕಾಯಿತು. ಮರುದಿನದಿಂದ ಕೆಲಸಕ್ಕೆ ಹೋಗುವ ಮುನ್ನ ಒಂದು ಗಂಟೆ ಅಪ್ಪನಿಗೆ. ಹಳೇ ಪತ್ರಿಕೆಯನ್ನು ಮೇಜಿನ ಮೇಲೆ ಅಗಲವಾಗಿ ಹಾಸಿ, ಎಡತುದಿ ಒತ್ತಿಕೊಂಡು ಮಗ ನಿಲ್ಲುವುದು. ಅಂಗಿಯ ಬೆನ್ನುಭಾಗವನ್ನು ಅಪ್ಪ ಗೀಚಿ ಕತ್ತರಿಸುವುದು. ಬಂದದ್ದು ಅರ್ಧ ಕೊರಳು, ಒಂದೇ ಭುಜ.

"ಎಡಭುಜ ಎಲ್ಲಪ್ಪಾ?"

"ಇದೆಯಲ್ಲೋ! ಕಣ್ಣು ಕಾಣಲ್ವಾ ನಿಂಗೆ?"

ಮೂರು ವಾರ ಹೀಗೇ. ಮೂಲೆಯಲ್ಲಿ ಅರ್ಧ ಅಂಗಿಗಳು ರಾಶಿ ಬಿದ್ದವು. "ಒಳ್ಳೇದೇ ಆಯ್ತು, ನಂಗೆ ಒಗೆಯೋ ಕೆಲಸ ಅರ್ಧ ಉಳೀತು," ಎಂದಳು ಅಮ್ಮ. ಮಗ ಮಾತ್ರ ಬಿಡಲಿಲ್ಲ. ಇನ್ನೊಂದು ಪತ್ರಿಕೆ ಹಾಸಿದ.

ನಾಲ್ಕನೇ ವಾರ ಅಪ್ಪ ಕತ್ತರಿ ಕುಕ್ಕಿದ.

"ಯಾವ ದರ್ಜಿ ಹೀಗೆ ಚಾಪೆ ಥರ ಹಾಸಿ ಬೆನ್ನು ಕತ್ತರಿಸ್ತಾನೋ? ನಡುವಿಗೆ ಮಡಚೋ, ಪೆದ್ದ! ಒಂದ್ಸಲ ಕತ್ತರಿಸಿದ್ರೆ ಎರಡೂ ಕಡೆ ಬರುತ್ತೆ."

ಇಪ್ಪತ್ತಾರು ವರ್ಷ ದರ್ಜಿಯ ಮನೆಯ ಅನ್ನ ತಿಂದವನಿಗೆ ಇಷ್ಟು ತಿಳಿದಿರಲಿಲ್ಲ. ನಾಚಿಕೊಂಡು ಮಡಚಿದ. ಅಪ್ಪ ಕತ್ತರಿಸಿದ. ಮಡಿಕೆ ಬಿಡಿಸುವಾಗ ಅವನ ಬಲಗೈ ಕಾಗದದ ಅಂಚು ಹಿಡಿದು ಎಡಕ್ಕೆ ಹೋಯಿತು. ಕೈಯ ಹಿಂದೆ ಕಣ್ಣು ಹೋಯಿತು, ಕಣ್ಣಿನ ಹಿಂದೆ ಕತ್ತು.

"ನೀನಿಲ್ಲಿ ಏನ್ಮಾಡ್ತಿದ್ದೀಯೋ?"

"ಮೂರು ವಾರದಿಂದ ಇಲ್ಲೇ ನಿಂತಿದ್ದೀನಪ್ಪಾ."

ಕೈ ಮುಂದೆ ಹೋದರೆ ಕಣ್ಣು ಬರುತ್ತಿತ್ತು, ತಾನಾಗೇ ಬರುತ್ತಿರಲಿಲ್ಲ. ತಿಂಗಳ ನಂತರ, ಮಗ ಪಕ್ಕದಲ್ಲೇ ಇರುವುದಾದರೆ ಮೆಷಿನ್ ಮುಂದೆ ಕೂರಲಿ ಎಂದು ಮೇಡಂ ಒಪ್ಪಿದರು. ನಿಜವಾದ ಬಟ್ಟೆ, ಮಗನಿಗೇ ಅಂಗಿ. ಕೈಮೆಷಿನ್ನಿನ ಚಕ್ರವನ್ನು ಅಪ್ಪ ಬಲಗೈಯಲ್ಲಿ ತಿರುಗಿಸಿದ. ಬಟ್ಟೆ ಸರಿಸುವ ಎಡಗೈಯ ಕೆಲಸ ಮಗನದು. ಒಂಬತ್ತು ದಿನ ಹಿಡಿಯಿತು. ಆ ಎಡಗೈಯ ಜಾಣತನದಿಂದಲೇ ಎಡತೋಳು ಒಳಹೊರಗಾಗಿ ಕೂತಿತು.

ಮಗ ಅದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಅಪ್ಪನ ಗೆಲುವನ್ನು ಯಾಕೆ ಕೆಡಿಸಬೇಕು? ಅಂಗಿಯನ್ನು ಬೆನ್ನು ಮೇಲಾಗಿ ಮೇಜಿನ ಮೇಲೆ ಹರಡಿದ. ತಪ್ಪಿದ ತೋಳು ಅಪ್ಪನ ಎಡಕ್ಕಿತ್ತು, ಅಂದರೆ ತೀರಾ ಸುರಕ್ಷಿತ ಜಾಗದಲ್ಲಿ.

"ಬಹಳ ಚೆನ್ನಾಗಿದೆಯಪ್ಪಾ."

ಅಪ್ಪನ ಕೈಗಳೆರಡೂ ತೊಡೆಯ ಮೇಲೇ ಇದ್ದವು. ಬಲತೋಳು ನೋಡಿದ, ಕೊರಳು ನೋಡಿದ. ಆಮೇಲೆ ಕತ್ತು ಮೆಲ್ಲಗೆ, ತಾನಾಗೇ, ಎಡಕ್ಕೆ ತಿರುಗಿತು.

"ಥೂ! ಯಾವನೋ ಈ ತೋಳು ಕೂರಿಸಿದ್ದು?"

"ಅಪ್ಪಾ! ಕಾಣಿಸ್ತಾ? ತಾಳು, ಮೇಡಂಗೆ ಫೋನ್ ಮಾಡ್ತೀನಿ..."

"ಅವರು ಬಂದು ಹೊಲೀತಾರೇನೋ? ಕೂತ್ಕೋ. ಹೊಲಿಗೆ ಬಿಚ್ಚು."

ಮಗ ಕತ್ತರಿ ಹಿಡಿದು ಕೂತ. ಕಣ್ಣು ಮಂಜಾಗಿ ಹೊಲಿಗೆ ಕಾಣದೆ ಎರಡು ಸಲ ಬೆರಳಿಗೇ ಚುಚ್ಚಿಕೊಂಡ. ಅಪ್ಪ ಎಡಕ್ಕೆ ಬಾಗಿ, ಒಂದೊಂದು ಹೊಲಿಗೆಗೂ ಬೈಯುತ್ತ ನೋಡುತ್ತಿದ್ದ.